ಕಳಿಸದೆ ಉಳಿದ ಪದಗಳು

"ಬಿಬ್ಲಿಯೋಟೇಕ್ ಅಂದ್ರೆ ಲೈಬ್ರರಿ, ಮೆನ್ಸಾ ಅಂದ್ರೆ ಕ್ಯಾಂಟೀನು" ಎಂದು ತಾರಸಿಯ ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದ ಚಿಕ್ಕ ಸೊಸೆ, ಬಟ್ಟೆ ಒಣಹಾಕಲು ದೊಡ್ಡ ಸೊಸೆ ಮೆಟ್ಟಿಲು ಹತ್ತಿ ಬಂದದ್ದೇ ತಡ, ಬಾಯಿ ಮುಚ್ಚಿಕೊಂಡಳು.

"ಯಾಕೆ ನಿಲ್ಲಿಸಿದೆ?"

"ನನ್ನ ನಾಲಿಗೆ ಹೊರಳಲ್ಲ ಅಕ್ಕ. ನೀವು ಕೇಳಿಸ್ಕೊಂಡ್ರೆ ನಾಚಿಕೆ ಆಗುತ್ತೆ."

ನಾಚಿಕೆಯಂತೆ! ದೊಡ್ಡವಳು ನಂಬಲಿಲ್ಲ. ಒಂದೇ ಮನೆಯ ಸೊಸೆಯರು, ಒಂದೇ ಕಾಲೇಜಿನ ಮೇಡಮ್ಮುಗಳು, ಈಗ ಅರ್ಜಿ ಹಾಕಿದ್ದೂ ಒಂದೇ ಜಾಗಕ್ಕೆ. ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷ ಸಂಶೋಧನೆ ಮಾಡುವ ಅವಕಾಶ. ಇಬ್ಬರಲ್ಲಿ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗಿಲ್ಲ. ಸಂದರ್ಶನದಲ್ಲಿ ಅಲ್ಲಿನ ಓದು-ಬರಹದ ಬಗ್ಗೆ ನಾಲ್ಕು ಮಾತು ಜರ್ಮನ್‌ನಲ್ಲೇ ಆಡಬೇಕು. ವಯಸ್ಸಿನ ಮಿತಿಯಿಂದಾಗಿ ದೊಡ್ಡವಳಿಗೆ ಇದೇ ಕೊನೆಯ ಸಲ. ಚಿಕ್ಕವಳ ಮುಂದೆ ಬೇಕಾದಷ್ಟು ವರ್ಷಗಳು ಬಿದ್ದಿವೆ. ಆದರೂ ಅರ್ಜಿ ಹಾಕಿಯೇ ಹಾಕಿದಳು, ಬಾಯಿಗೆ ಬೆರಳಿಟ್ಟರೆ ಕಚ್ಚಲೂ ಬಾರದವಳ ಹಾಗಿದ್ದುಕೊಂಡು!

ಪದಗಳನ್ನು ಪಾಲು ಮಾಡಿಕೊಳ್ಳೋಣ ಎಂದವಳೂ ಅವಳೇ. ಹಾಸ್ಟೆಲು, ಲೈಬ್ರರಿ, ಕ್ಯಾಂಟೀನು ಚಿಕ್ಕವಳ ಪಾಲಿಗೆ. ಪಾಠ, ಪರೀಕ್ಷೆ ದೊಡ್ಡವಳ ಪಾಲಿಗೆ. ಹುಡುಕಿದ ಪದಗಳನ್ನು ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಒಬ್ಬರಿಗೊಬ್ಬರು ಕಳಿಸುವುದು, ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುವುದು. ಚಿಕ್ಕವಳು ಕಳಿಸಿದ ಒಂದೊಂದು ಪದವನ್ನೂ ದೊಡ್ಡವಳು ನಿಘಂಟು ತೆಗೆದು ನೋಡಿದಳು. ಒಂದೂ ತಪ್ಪಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನ ಪಡುತ್ತಿದ್ದರು. ಇವಳ ಅನುಮಾನ ಇನ್ನೂ ಬಲಿಯಿತು. ಕಳಿಸಿದ್ದೆಲ್ಲ ಸರಿಯಿದೆ ಅಂದಮೇಲೆ, ಕಳಿಸದೆ ಇಟ್ಟುಕೊಂಡದ್ದು ಬೇರೆ ಇರಲೇಬೇಕು. ತಾರಸಿಯ ಪಿಸುಪಿಸು ಮತ್ತೇಕೆ?

ಹೀಗಿರುವಾಗ, ಹಿಂದೆ ಇದೇ ಅವಕಾಶದಲ್ಲಿ ಜರ್ಮನಿಗೆ ಹೋಗಿಬಂದಿದ್ದ ರಸಾಯನಶಾಸ್ತ್ರದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಸಿಕ್ಕರು. "ಹಾಸ್ಟೆಲ್ಲು ಗೀಸ್ಟೆಲ್ಲು ಅವರು ಕೇಳಲ್ಲಮ್ಮ. ರಿಸರ್ಚ್ ಗೈಡ್ ಜೊತೆ ಹೇಗೆ ಕೆಲಸ ಮಾಡ್ತೀರ ಅಂತಾನೇ ಕೇಳೋದು. ಆ ಪದಗಳನ್ನ ಗಟ್ಟಿ ಮಾಡ್ಕೊಳ್ಳಿ. ನಿಮ್ಮ ಓರಗಿತ್ತಿಗೂ ಹೇಳಿ."

"ಹೇಳ್ತೀನಿ ಸರ್" ಎಂದಳು. ಆ ಪದಗಳನ್ನೆಲ್ಲ ಹುಡುಕಿ ಬಾಯಿಪಾಠ ಮಾಡಿದಳು, ಓರಗಿತ್ತಿಗೆ ಮಾತ್ರ ಒಂದನ್ನೂ ಕಳಿಸಲಿಲ್ಲ. ಅವಳೂ ಬಚ್ಚಿಟ್ಟುಕೊಂಡಿದ್ದಾಳಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು ಎಂದುಕೊಂಡಳು.

ಸಂದರ್ಶನದ ದಿನ ಚಿಕ್ಕವಳನ್ನೇ ಮೊದಲು ಕರೆದರು. ಹೊರಗೆ ಬೆಂಚಿನ ಮೇಲೆ ಕೂತ ದೊಡ್ಡವಳ ಜೀವವೆಲ್ಲ ಕಿವಿಯಲ್ಲೇ ಇತ್ತು. ಒಳಗೆ ನಗು ಕೇಳಿಸಿತು. ನೋಡಿದೆಯಾ, ಎಲ್ಲರನ್ನೂ ಆಗಲೇ ಬುಟ್ಟಿಗೆ ಹಾಕಿಕೊಂಡಳು! ಆಮೇಲೆ ಸದ್ದೇ ಇಲ್ಲ. ಬಾಗಿಲು ತೆರೆದು ಹೊರಗೆ ಬಂದ ಚಿಕ್ಕವಳು ಇವಳತ್ತ ತಿರುಗಿಯೂ ನೋಡದೆ, ಗೋಡೆಗೆ ಮುಖ ಮಾಡಿ ನಿಂತು ಫೋನು ಒತ್ತತೊಡಗಿದಳು. ಗಂಡನಿಗೆ ಸಿಹಿಸುದ್ದಿ ಮುಟ್ಟಿಸುತ್ತಿದ್ದಾಳೆ, ನನ್ನೆದುರು ಹೇಳಲು ಬಾಯಿಲ್ಲ ಎಂದು ದೊಡ್ಡವಳು ಹಲ್ಲು ಕಚ್ಚಿದಳು.

"ಒಳಗೆ ಟೀ ಕುಡೀತಿದಾರೆ ಮೇಡಂ, ಆಮೇಲೆ ನಿಮ್ಮನ್ನ ಕರೀತಾರೆ" ಎಂದ ಜವಾನ.

ಚಿಕ್ಕವಳು ಓಡಿಬಂದು ಪಕ್ಕದಲ್ಲಿ ಕೂತಳು. ಕಣ್ಣು ಕೆಂಪಗಾಗಿತ್ತು. "ನಂಗೆ ಬಾಯೇ ಕಟ್ಟಿಹೋಯ್ತು ಅಕ್ಕ. ಬರೀ ಗೈಡ್ ವಿಷಯಾನೇ ಕೇಳಿದ್ರು. ಒಂದು ಪದಾನೂ ಗೊತ್ತಿರ್ಲಿಲ್ಲ, ಏನೇನೋ ಒದರಿದೆ, ನಕ್ಕುಬಿಟ್ರು. ಆಮೇಲೆ ಸಾಕು ಹೋಗಿ ಅಂದ್ರು. ನಂದು ಮುಗೀತು, ಬಿಡಿ. ಇದು ಕೇಳ್ತಾರೆ ಅಂತ ನಮ್ಮಿಬ್ಬರಿಗೂ ಹೊಳೀಲೇ ಇಲ್ವಲ್ಲ! ಈಗ ಫೋನಲ್ಲಿ ಹುಡುಕಿದೀನಿ, ಬೇಗ ಕಲ್ತುಕೊಳ್ಳಿ. ಮನೇಲಿ ಒಬ್ರಿಗಾದ್ರೂ ಸಿಗ್ಲಿ."

ಕೊನೆಗಳಿಗೆಯಲ್ಲಿ ತಪ್ಪು ಪದ ತುರುಕುತ್ತಾಳೋ ಏನೋ ಎಂದು ದೊಡ್ಡವಳು ಆಗಲೂ ಮೈಯೆಲ್ಲ ಕಣ್ಣಾಗಿದ್ದಳು. "ಬೆಟ್ರೋಯರ್ ಅಂದ್ರೆ ಗೈಡ್." ಸರಿ. "ಎಂಟ್‌ವುರ್ಫ್ ಅಂದ್ರೆ ಕರಡು." ಸರಿ. "ಗುಟ್‌ಆಖ್ಟನ್, ಅವರು ನಮ್ಮ ಕೆಲಸ ನೋಡಿ ಬರೆದುಕೊಡೋ ಅಭಿಪ್ರಾಯ." ಅದೂ ಸರಿ. ಒಂದರಲ್ಲೂ ಎಳ್ಳಷ್ಟು ಮೋಸವಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂಬುದು ನೆನಪಾದಾಗ ನಾಚಿಕೆಯಿಂದ ಭೂಮಿಗಿಳಿದುಹೋದಳು.

"ಇದೇ ಕಷ್ಟದ್ದು ಅಕ್ಕ. ಶ್ಪ್ರೆಹ್‌ಶ್ಟುಂಡೆ. ಗೈಡ್ ಭೇಟಿಗೆ ಸಿಗೋ ಸಮಯ. ಹೇಳಿ ನೋಡೋಣ."

ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವಳು ತಡವರಿಸದೆ ಹೇಳುತ್ತಿದ್ದಳು. ಈಗ ಹೇಳಿದರೆ ಗುಟ್ಟು ರಟ್ಟು. "ಸ್ಪ್ರೆ... ಸ್ಪ್ರೆಸ್... ತುಂಡೆ" ಎಂದು ಬೇಕೆಂದೇ ತೊದಲಿದಳು.

ಚಿಕ್ಕವಳು ತನ್ನ ಕಣ್ಣೊರೆಸಿಕೊಂಡು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗಾಬರಿ ಬೇಡ ಅಕ್ಕ, ನಿಮಗೆ ಬರುತ್ತೆ. ಇನ್ನೊಂದ್ಸಲ ಹೇಳಿ."