ಬಸ್ಸಾರಿನ ದಾನಪತ್ರ

ಕೈರುಚಿಯೂ ಆಸ್ತಿಯೇ ಎಂದು ಕಾಯ್ದೆ ಬಂದ ಮೇಲೆ ಮಂಡ್ಯದ ವಕೀಲ ಶಿವನಂಜಪ್ಪನವರ ಕಚೇರಿಗೆ ಅಜ್ಜಿಯರೇ ಹೆಚ್ಚಾಗಿ ಬರುತ್ತಿದ್ದರು. ಇವತ್ತು ಬಂದ ಪುಟ್ಟಗೌರಮ್ಮನವರಿಗೆ ತಮ್ಮ ಬಸ್ಸಾರಿನ ರುಚಿಯನ್ನು ಹೇಮಲತೆಯ ಹೆಸರಿಗೆ ಬರೆಯಬೇಕಿತ್ತು.

“ಅವಳು ನಿಮ್ಮ ಮಗನಿಗೆ ಡೈವೋರ್ಸ್ ಕೊಟ್ಟ ಸೊಸೆ ಅಲ್ವಾ ಅಮ್ಮ?”

“ಅವನನ್ನ ಬಿಟ್ಟಳು ಕಣಪ್ಪ, ನನ್ನನ್ನ ಬಿಟ್ಟಿಲ್ಲ. ವಾರ ವಾರ ಬಂದು ತಲೆ ಬಾಚ್ತಾಳೆ.”

“ಹಂಗಾದ್ರೆ ವಿಲ್ ಮಾಡಿ, ನಿಮ್ಮ ಕಾಲಾನಂತರ ಅವಳಿಗೆ ಹೋಗುತ್ತೆ. ದಾನಪತ್ರ ಬರೆದ್ರೆ ರುಚಿ ಇವತ್ತೇ ನಿಮ್ಮ ಕೈಬಿಟ್ಟು ಹೋಗುತ್ತೆ. ನಾಳೆಯಿಂದ ನೀವು ಮಾಡಿದ್ದನ್ನ ಬಾಯಿಗಿಡೋಕಾಗಲ್ಲ.”

“ದಾನಪತ್ರನೇ ಬರಿಯಪ್ಪ.” ಪುಟ್ಟಗೌರಮ್ಮ ಆಗಲೇ ಹೆಬ್ಬೆರಳು ಚಾಚಿದ್ದರು. “ಐವತ್ತು ವರ್ಷ ಎಲ್ಲರಿಗೂ ಬಡಿಸಿ, ಆರಿದ ಮೇಲೆ ಉಂಡಿದ್ದೀನಿ. ನನ್ನ ಬಸ್ಸಾರನ್ನ ಒಂದು ಸಲವಾದ್ರೂ ಕೂತ್ಕೊಂಡು, ಅವಳು ಬಡಿಸ್ತಿದ್ದಂಗೇ ಬಿಸಿಯಾಗಿ ಉಣ್ಬೇಕು.”