ಎಡತೋಳಿನ ಒಂದಿಂಚು

ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಒಂದು ಸುತ್ತು ಹೊಡೆದು ಬಂದ ಹೆಂಗಸು ಟ್ರ್ಯಾಕ್ಟರ್ ನಿಲ್ಲಿಸಿ, ಸೀಟಿನ ಮೇಲಿಂದಲೇ ಹೊರಳಿ ಹಿಂದಕ್ಕೆ ನೋಡಿದಳು. ಹಿಂದೆ ಕಟ್ಟಿದ್ದ, ನೆಲ ಉಳುವ ಒಂಬತ್ತು ಹಲ್ಲಿನ ಹೊಸ ಕಲ್ಟಿವೇಟರಿನ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅದರ ಎಡತುದಿ ಮಾತ್ರ ಬಲತುದಿಗಿಂತ ಮೂರು ಬೆರಳು ಹಿಂದೆ ಬಿದ್ದಿತ್ತು.

"ಏನಣ್ಣ ಇದು, ಏಡಿ ನಡೆದಂಗೆ ನಡೀತಿದೆ?"

ಶೆಡ್ಡಿನವನು ಹತ್ತಿರ ಓಡಿ ಬಂದ. ಹದಿನಾಲ್ಕು ವರ್ಷ ಗೇಟು, ಕಿಟಕಿಯ ಸರಳು ಅಂತ ಬೆಸುಗೆ ಹಾಕಿಕೊಂಡಿದ್ದವನು ಅವನು. ಜನ ಕರೆಯುತ್ತಿದ್ದುದೇ ಗೇಟಿನವನು ಅಂತ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸಾಮಾನು ಮಾಡುತ್ತೇನೆಂದು ಹೊರಟ ಮೇಲೆ ಇದೇ ಮೊದಲನೆಯದು, ಇವಳೇ ಮೊದಲ ಗಿರಾಕಿ. ಇಂಥವೇ ಇನ್ನೂ ಐದು ಗೋಡೆಗೆ ಒರಗಿ ನಿಂತಿದ್ದವು. ಇವಳು ನಾಲ್ಕು ಜನರ ಮುಂದೆ ಬಾಯಿಬಿಟ್ಟರೆ ಆ ಐದೂ ಗೋಡೆ ಬಿಟ್ಟು ಕದಲುವಂತಿರಲಿಲ್ಲ.

ಬೆಂಚಿನ ಮೇಲಿದ್ದ ಗೇಟಿನವನ ಸೋದರಮಾವ ಮೊಣಕಾಲು ಹಿಡಿದುಕೊಂಡು ಎದ್ದು ಬಂದ. ಕಲ್ಟಿವೇಟರಿನ ಅಳತೆಯೆಲ್ಲ ಅವನ ಕೊಡುಗೆ. ಅವನ ಹಳೆಯದನ್ನು ನೆಲದ ಮೇಲೆ ಅಂಗಾತ ಮಲಗಿಸಿ, ತೂತಿಗೆ ತೂತು, ಪಟ್ಟಿಗೆ ಪಟ್ಟಿ ನೋಡಿಕೊಂಡು ಗೇಟಿನವನು ಈ ಆರನ್ನೂ ಮಾಡಿದ್ದ. ಮಾವನ ಟ್ರ್ಯಾಕ್ಟರಿಗೆ ಕಟ್ಟಿ ಪರೀಕ್ಷೆ ಮಾಡಿದಾಗ ದಾರ ಹಿಡಿದಂತೆ ನೆಟ್ಟಗೆ ಓಡಿತ್ತು.

"ನಿನ್ನ ಟ್ರ್ಯಾಕ್ಟರೇ ಸೊಟ್ಟ ಕಣಮ್ಮ," ಎಂದ ಮಾವ. "ನನ್ನದಕ್ಕೆ ಕಟ್ಟಿದ್ರೆ ಬಾಣದ ಥರ ಹೋಗುತ್ತೆ."

ಹೆಂಗಸಿನ ದನಿ ಇಳಿಯಿತು. "ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಯಜಮಾನ್ರೇ. ಇದ್ರೂ ಇರಬಹುದು."

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಅವಳು ತನ್ನ ಟ್ರ್ಯಾಕ್ಟರನ್ನೇ ಬೈದುಕೊಂಡು ಕಲ್ಟಿವೇಟರನ್ನು ಎಳೆದುಕೊಂಡು ಹೋಗುತ್ತಿದ್ದಳು. ಗೇಟಿನವನು ಕೆಳಗೆ ಕೂತು, ಅವಳ ಟ್ರ್ಯಾಕ್ಟರಿನ ಹಿಂದೆ ಕಲ್ಟಿವೇಟರನ್ನು ಹಿಡಿದುಕೊಂಡಿದ್ದ ಎರಡು ಕಬ್ಬಿಣದ ತೋಳುಗಳಿಗೆ ಟೇಪು ಹಿಡಿದ. ಎಡದ್ದು ಮೂವತ್ತೆರಡು ಇಂಚು. ಬಲದ್ದೂ ಮೂವತ್ತೆರಡು.

"ಎರಡೂ ಸಮ ಇವೆ ಮಾವ."

"ಅದೇ ತಪ್ಪು! ಎಡದ್ದು ಒಂದಿಂಚು ಗಿಡ್ಡ ಇರಬೇಕು. ನನ್ನದು ಹಾಗೇ ಇದೆ. ಇವತ್ತು ನಿನ್ನೆಯ ಟ್ರ್ಯಾಕ್ಟರೇನೋ ಅದು?"

ಗೇಟಿನವನು ವಾದಕ್ಕೆ ನಿಲ್ಲಲಿಲ್ಲ. ಟೇಪು, ಸೀಮೆಸುಣ್ಣ ಹಿಡಿದು ರಸ್ತೆಗೆ ಹೋದವನು ನಡುಮಧ್ಯೆ ನಿಂತು, ಮರಳು ಹೊತ್ತು ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈ ಅಡ್ಡ ಹಾಕಿದ.

"ಒಂದು ನಿಮಿಷ ಅಣ್ಣ, ಹಿಂದೆ ಅಳತೆ ತಗೋಬೇಕು."

"ಯಾಕಪ್ಪಾ, ಚಡ್ಡಿ ಹೊಲಿಸ್ತೀಯಾ ಇದಕ್ಕೆ?" ಎಂದ ಡ್ರೈವರ್. ನಕ್ಕರೂ ಎಂಜಿನ್ ಆರಿಸಿದ.

ಆಮೇಲೆ ನೀರಿನ ಟ್ಯಾಂಕರ್ ಎಳೆಯುತ್ತಿದ್ದದ್ದು ಬಂತು. ಅದರ ಹಿಂದೆ ಇಟ್ಟಿಗೆಯದು. ನಾಲ್ಕನೆಯವನು ತನಗೆ ಹೊತ್ತಾಯಿತೆಂದು ಬೈದ. ಬೈಗುಳ ತಿನ್ನುತ್ತಲೇ ಅದನ್ನೂ ಅಳೆದದ್ದಾಯಿತು. ಶೆಡ್ಡಿನ ಬಾಗಿಲ ಮೇಲೆ ಅಂಕಿಗಳು ಒಂದರ ಕೆಳಗೊಂದು ಬಿದ್ದವು. ಒಬ್ಬೊಬ್ಬರದು ಒಂದೊಂದು ಉದ್ದ, ಆದರೆ ಯಾವುದರಲ್ಲೂ ಎಡಕ್ಕೂ ಬಲಕ್ಕೂ ಒಂದು ನೂಲೂ ವ್ಯತ್ಯಾಸವಿರಲಿಲ್ಲ.

ಮಾವ ಬಾಗಿಲನ್ನೇ ದಿಟ್ಟಿಸಿದ. ಆಮೇಲೆ ಮೂಲೆಯಲ್ಲಿ ನಿಂತಿದ್ದ ತನ್ನ ಟ್ರ್ಯಾಕ್ಟರಿನ ಹತ್ತಿರ ಹೋಗಿ, ಎಡತೋಳಿನ ಮೇಲಿನ ಗ್ರೀಸು, ಕೆಸರನ್ನು ಚಿಂದಿಯಿಂದ ಒರೆಸಿದ. ತೋಳು ನಡುವಿನಲ್ಲಿ ಬಾಗಿ ಒಂದಿಂಚು ಗಿಡ್ಡವಾಗಿತ್ತು.

"ಹಳ್ಳಕ್ಕೆ ಉರುಳಿತ್ತಲ್ಲೋ ಇದು," ಎಂದ, ತನಗೇ ಹೇಳಿಕೊಳ್ಳುವಂತೆ. "ನೀನಾಗ ಸ್ಕೂಲಿಗೆ ಹೋಗ್ತಿದ್ದೆ. ಆಮೇಲೆ ಉಳುಮೆ ಸೊಟ್ಟ ಬಂತು ಅಂತ ಕುಲುಮೆಯವನು ಕಲ್ಟಿವೇಟರಿನಲ್ಲಿ ತೋಳಿಗೆ ಸಿಕ್ಕಿಸೋ ಎಡಗಡೆ ಪಟ್ಟೀನ ಒಂದಿಂಚು ಮುಂದೆ ತಂದು ಕೂರಿಸಿಕೊಟ್ಟ. ನನಗೆ ಮರೆತೇ ಹೋಗಿತ್ತು." ದನಿ ತಗ್ಗಿಸಿದ. "ಆದ್ರೂ ಅವಳು ಒಪ್ಕೊಂಡಿದ್ಳಲ್ಲೋ ಅಳಿಯ. ನೀನು ಸುಮ್ನಿದ್ದಿದ್ರೆ ಏನಾಗ್ತಿತ್ತು?"

"ಅವಳ ಹೊಲ ಒಪ್ಕೋಬೇಕಲ್ಲ ಮಾವ."

ಗೇಟಿನವನು ಹೆಂಗಸಿನ ಮುಂದೆ ಬಂದು ನಿಂತ. "ಅಕ್ಕಾ, ನಿಮ್ಮ ಗಾಡಿ ಸರಿ ಇದೆ. ತಪ್ಪು ನಂದು. ಎರಡು ಗಂಟೆ ಕೊಡಿ."

"ಎರಡಂದ್ರೆ ಎರಡೇ. ಮೂರಾಯ್ತೋ, ನಾನು ಪೇಟೆ ದಾರಿ ಹಿಡೀತೀನಿ," ಎಂದು ಅವಳು ಬೆಂಚಿನ ಮೇಲೆ ಮಾವನ ಜಾಗದಲ್ಲೇ ಕೂತಳು.

ಬಣ್ಣ ಸುಟ್ಟ ವಾಸನೆ ಶೆಡ್ಡು ತುಂಬಿತು. ಎಡಗಡೆಯ ಪಟ್ಟಿಯನ್ನು ಕತ್ತರಿಸಿ, ಒಂದಿಂಚು ಹಿಂದಕ್ಕೆ ಸರಿಸಿ, ಮೂಲೆಮಟ್ಟ ಹಿಡಿದು ಎರಡು ಸಲ ನೋಡಿ ಮತ್ತೆ ಬೆಸೆದ. ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಅವಳು ಇನ್ನೊಂದು ಸುತ್ತು ಹೊಡೆದಳು. ಕೆಳಗಿಳಿದು, ಹಲ್ಲುಗಳು ನೆಲದಲ್ಲಿ ಎಳೆದಿದ್ದ ಗೆರೆಯಿಂದ ಗೆರೆಗೆ ಪಾದ ಇಟ್ಟು ಅಳೆಯುತ್ತ ಒಂಬತ್ತನ್ನೂ ದಾಟಿದಳು. ಹೊಗಳಲಿಲ್ಲ. "ಸರಿ, ಹೊಲದಲ್ಲಿ ನೋಡ್ತೀನಿ," ಎಂದಷ್ಟೇ ಹೇಳಿ ಕಟ್ಟಿಕೊಂಡು ಹೊರಟುಹೋದಳು.

ಗೇಟಿನವನು ಅವಳು ಹೋದ ದಾರಿಯನ್ನು ನೋಡುತ್ತ ನಿಲ್ಲದೆ, ಗೋಡೆಗೆ ಒರಗಿದ್ದರಲ್ಲಿ ಒಂದನ್ನು ಎಳೆದು ನೆಲಕ್ಕೆ ಕೆಡವಿದ. ಇನ್ನೇನು ಕತ್ತರಿಸಲು ಬಗ್ಗಬೇಕು, ಹಿಂದೆ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದಾಯಿತು. ಮಾವ ತನ್ನ ಟ್ರ್ಯಾಕ್ಟರಿನ ಎಡತೋಳನ್ನು ಬಿಚ್ಚಿ ತಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟಿದ್ದ.

"ಇದನ್ನ ನೆಟ್ಟಗೆ ಮಾಡಿದ್ರೆ ನಿಮ್ಮ ಹಳೇ ಕಲ್ಟಿವೇಟರ್ ನೆಟ್ಟಗೆ ಓಡಲ್ಲ ಮಾವ."

"ಗೊತ್ತು ಕಣೋ." ಮಾವ ಸುತ್ತಿಗೆಯ ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಕೊಟ್ಟು, ತಾನು ಬೇರೆ ಕಡೆ ಮುಖ ಮಾಡಿ ನಿಂತ. "ನೀನೇ ಹೊಡಿ. ನನಗೆ ಕೈ ಏಳ್ತಿಲ್ಲ."