ಕೆಂಚದೊರೆಯ ಏಳನೇ ಕೋಟೆ

ಕಲ್ಲುಗಳು ಹಿಂದೆ ಕೇಳಿದ್ದನ್ನೆಲ್ಲ ಮರಳಿ ನುಡಿಯತೊಡಗಿದ ಮೇಲೆ ಒರಳಿನ ಮುಂದೆ ಯಾರೂ ಚಾಡಿ ಹೇಳುತ್ತಿರಲಿಲ್ಲ. ಆದರೆ ಏಳು ಕೋಟೆ ಗೆದ್ದ ಕೆಂಚದೊರೆ ನಿಜಕ್ಕೂ ಇದ್ದನೇ? ಅಜ್ಜಿ ಹೇಳಿದ ಅವನ ಕತೆಯಲ್ಲೇ ಬೆಳೆದ ಸಾವಂತ್ರಿಗೆ ಆ ಚಡಪಡಿಕೆಯಲ್ಲಿ ನಿದ್ದೆಯೂ ಹತ್ತುತ್ತಿರಲಿಲ್ಲ. ಬೆಳಗಾಗುತ್ತಲೇ ಅಜ್ಜಿಯನ್ನು ಕರೆದುಕೊಂಡು ಗುಡ್ಡ ಹತ್ತಿ, ದೊರೆಯ ಪೀಠವೆನ್ನುವ ಬಂಡೆಗೆ ಕಿವಿಯಾನಿಸಿದಳು.

ಒಳಗಿಂದ ಹೆಣ್ಣುದನಿಯೊಂದು ರಮಿಸುತ್ತಿತ್ತು: "ಹಟ ಮಾಡಬ್ಯಾಡ ಕೆಂಚಾ, ನನ್ ದೊರೆ! ಆರು ತುತ್ತಿಗೆ ಆರು ಕೋಟೆ ಗೆದ್ದೆ. ಇದೊಂದು ನುಂಗು, ಏಳನೇದೂ ನಿಂದೇ."

ಸಾವಂತ್ರಿ ಬಂಡೆಯಿಂದ ಕಿವಿ ತೆಗೆದಳು. ದೊರೆಯಲ್ಲ, ಉಣ್ಣಲೊಲ್ಲದ ಕೂಸು!

"ಏನಂತವ್ನೆ ಮಗಾ ನಮ್ ದೊರೆ?" ಅಜ್ಜಿ ಆಸೆಯಿಂದ ಕೇಳಿದಳು. "ಏಳನೇ ಕೋಟೆ ಗೆದ್ನಾ?"

ಸಾವಂತ್ರಿ ಮತ್ತೆ ಕಿವಿಯಿಟ್ಟಳು. ಬಂಡೆಯೊಳಗೆ ಕೂಸು ಕೇಕೆ ಹಾಕಿ ನಕ್ಕಿತು.

"ಗೆದ್ದ ಕಣಜ್ಜಿ," ಎಂದಳು. "ಅವ್ರವ್ವ ಬಾಯಿ ಒರೆಸ್ತಾವ್ಳೆ."